ಕಚ್ಚಾ ತೈಲದಲ್ಲಿ ಮೇಣ ಎಷ್ಟು ಡಿಗ್ರಿಗೆ ಹುಟ್ಟುತ್ತದೆ? ಏಳು ಭಾನುವಾರಗಳ ಡೈರಿ

ಕೆಲವು ವರ್ಷಗಳ ಹಿಂದೆ ಕೆಲಸದ ಮೇಲೆ ರಾಜಸ್ಥಾನದ ಬಾರ್ಮೇರ್ ಕಡೆ ಇದ್ದೆ. ಅಲ್ಲಿನ ಮೊದಲ ಚಳಿಗಾಲದಲ್ಲಿ ಒಬ್ಬರು ತೈಲದ ಸ್ಯಾಂಪಲ್ ಬಾಟಲಿಯನ್ನು ನನ್ನ ಮುಂದೆ ತಲೆಕೆಳಗೆ ಹಿಡಿದರು. ಒಂದು ಹನಿಯೂ ಬೀಳಲಿಲ್ಲ. ನಮ್ಮ ಮನೆಯಲ್ಲಿ ಡಿಸೆಂಬರ್ ಬೆಳಿಗ್ಗೆ ಕೊಬ್ಬರಿ ಎಣ್ಣೆ ಬಾಟಲಿ ಹೀಗೇ ಆಗುತ್ತದೆ, ಬಿಸಿಲಿಗಿಟ್ಟರೆ ಸರಿಹೋಗುತ್ತದೆ. ಆದರೆ ನೂರಾರು ಕಿಲೋಮೀಟರ್ ಕೊಳವೆಯನ್ನು ಬಿಸಿಲಿಗೆ ಇಡುವುದು ಹೇಗೆ?

ಅಲ್ಲಿನ ಮಂಗಳಾ ತೈಲಕ್ಷೇತ್ರ ಪತ್ತೆಯಾದದ್ದು 2004ರಲ್ಲಿ, ತೈಲ ಬರಲು ಶುರುವಾದದ್ದು 2009ರಲ್ಲಿ. ಅಲ್ಲಿಂದ ಗುಜರಾತ್ ಕರಾವಳಿಗೆ ಹೋಗುವ ಸುಮಾರು 670 ಕಿಲೋಮೀಟರ್ ಕೊಳವೆಗೆ ಸುತ್ತಲೂ ಫೋಮ್ ಹೊದಿಕೆ ಇದೆ. ಜೊತೆಗೆ ಉದ್ದಕ್ಕೂ ವಿದ್ಯುತ್ತಿನಿಂದ ಬಿಸಿ ಮಾಡುವ ವ್ಯವಸ್ಥೆ. ತೈಲವನ್ನು 65 ಡಿಗ್ರಿ ಆಸುಪಾಸಿನಲ್ಲಿ ಇಟ್ಟುಕೊಂಡೇ ಸಾಗಿಸುತ್ತಾರೆ. ಕಾರಣ ಮೇಣ. ತೈಲ ತಣ್ಣಗಾಗುತ್ತಾ ಹೋದಂತೆ ಮೇಣದ ಮೊದಲ ಹರಳು ಕಾಣಿಸಿಕೊಳ್ಳುವ ಒಂದು ಉಷ್ಣತೆ ಇರುತ್ತದೆ. ಅದನ್ನು ಇಲ್ಲಿ 'ಮೇಣದ ಬಿಂದು' ಅಂತ ಕರೆಯುತ್ತೇನೆ. ತೈಲ ಪೂರ್ತಿ ಹೆಪ್ಪುಗಟ್ಟುವುದು ಅದಕ್ಕಿಂತ ಕೆಳಗೆ, ಅದು ಬೇರೆ ಲೆಕ್ಕ.

ಈಗ ಮೈಸೂರಿನಲ್ಲಿದ್ದೇನೆ, ಭಾನುವಾರ ಬಿಡುವಿರುತ್ತದೆ. ಆ ಬಿಂದುವನ್ನು ಥರ್ಮೊಡೈನಮಿಕ್ಸ್ ಲೆಕ್ಕದಿಂದ ನಾನೇ ಹೇಳಬಹುದೇ ಅಂತ ನೋಡುವ ಹುಚ್ಚು ಹತ್ತಿತು. ತಪ್ಪಾದದ್ದನ್ನೂ ಬಿಡದೆ ಬರೆದಿದ್ದೇನೆ. ನಿಜ ಹೇಳಬೇಕೆಂದರೆ ಅದೇ ಜಾಸ್ತಿ ಇದೆ.

ನವೆಂಬರ್ 9, 2025. ಮೊದಲ ಲೆಕ್ಕ, ಮೊದಲ ಮುಖಭಂಗ

1986ರಲ್ಲಿ ಕೆ. ಡಬ್ಲ್ಯು. ವೊನ್ ಪ್ರಕಟಿಸಿದ ಮಾದರಿಯಿಂದ ಶುರು ಮಾಡಿದೆ. ಹಳೆಯದು, ಆದರೆ ಸರಳ. ಮೇಣ ಎಂದರೆ ಹೆಚ್ಚಾಗಿ ನೇರ ಸರಪಳಿಯ ಪ್ಯಾರಫಿನ್‌ಗಳು, ಒಂದೊಂದರ ಅಣುವಿನಲ್ಲೂ ಇಂತಿಷ್ಟು ಇಂಗಾಲದ ಪರಮಾಣು. ಪ್ರತಿ ಪ್ಯಾರಫಿನ್‌ಗೆ ಎರಡು ಸಂಖ್ಯೆ ಬೇಕು:

ಕರಗುವ ಉಷ್ಣತೆ (ಕೆಲ್ವಿನ್) = 374.5 + 0.02617 × ಅಣುತೂಕ − 20172 ÷ ಅಣುತೂಕ

ಕರಗುವ ಶಾಖ (ಮೋಲ್‌ಗೆ ಕ್ಯಾಲೊರಿ) = 0.1426 × ಅಣುತೂಕ × ಕರಗುವ ಉಷ್ಣತೆ

ಮೊದಲ ಸೂತ್ರವನ್ನು ಕೈಪಿಡಿಯ ಜೊತೆ ಹೋಲಿಸಿದೆ. 20 ಇಂಗಾಲದ ಐಕೋಸೇನ್‌ಗೆ 37.3 ಡಿಗ್ರಿ ಬಂತು, ಕೈಪಿಡಿಯಲ್ಲಿ 36.7 ಇದೆ. 30 ಇಂಗಾಲಕ್ಕೆ 64.7 ಬಂತು, ಕೈಪಿಡಿ 65ರ ಮೇಲೆ ಹೇಳುತ್ತದೆ. ನನಗೆ ಇಷ್ಟು ಸಾಕು.

ಆಮೇಲೆ ಪೈಥಾನ್‌ನಲ್ಲಿ ಚಿಕ್ಕ ಪ್ರೋಗ್ರಾಂ. ತೈಲದಲ್ಲಿ ಪ್ರತಿ ಪ್ಯಾರಫಿನ್ ಎಷ್ಟಿದೆ ಎಂಬುದನ್ನು, ಆ ಉಷ್ಣತೆಯಲ್ಲಿ ಅದು ದ್ರವ ಬಿಟ್ಟು ಗಟ್ಟಿಯ ಕಡೆ ಹೋಗಲು ಎಷ್ಟು ಒಲವು ತೋರುತ್ತದೆ ಎಂಬುದರಿಂದ ಗುಣಿಸಬೇಕು. ಎಲ್ಲವನ್ನೂ ಕೂಡಿಸಿದಾಗ ಮೊತ್ತ 1 ಆದರೆ, ಅದೇ ಮೇಣದ ಬಿಂದು.

ಪರೀಕ್ಷೆಗೆ ಅತಿ ಸುಲಭದ್ದು ತೆಗೆದುಕೊಂಡೆ. ಡೆಕೇನ್ ಎಂಬ ದ್ರವದಲ್ಲಿ 24 ಇಂಗಾಲದ ಟೆಟ್ರಾಕೊಸೇನ್, ನೂರು ಅಣುವಿಗೆ ಐದು. ರನ್ ಮಾಡಿದೆ. ಉತ್ತರ: ಸೊನ್ನೆಗಿಂತ 60 ಡಿಗ್ರಿ ಕೆಳಗೆ!

ಮೇಣ ಕಾಣಬೇಕಾದರೆ ಅಂಟಾರ್ಕ್ಟಿಕಾಕ್ಕೆ ಹೋಗಬೇಕು. ಒಂದೂವರೆ ಗಂಟೆ ಹುಡುಕಿದೆ. ಶಾಖ ಕ್ಯಾಲೊರಿಯಲ್ಲಿತ್ತು, ನಾನು ಹಾಕಿದ ಅನಿಲ ಸ್ಥಿರಾಂಕ 8.314 ಜೌಲ್‌ನದು. 1.987 ಹಾಕಿದ ತಕ್ಷಣ 15 ಡಿಗ್ರಿ ಬಂತು. ಇಂಜಿನಿಯರಿಂಗ್ ಎರಡನೇ ವರ್ಷದಲ್ಲಿ ಇದೇ ತಪ್ಪಿಗೆ ನಾಲ್ಕು ಅಂಕ ಕಳೆದುಕೊಂಡಿದ್ದೆ. ಬುದ್ಧಿ ಬಂದಿಲ್ಲ.

ಇನ್ನೊಂದು ಸಣ್ಣ ಸಂಗತಿ. ಉತ್ತರ ಹುಡುಕಲು ಮೊದಲು ನ್ಯೂಟನ್ ವಿಧಾನ ಹಾಕಿದ್ದೆ. ಆರಂಭದ ಊಹೆ ಸ್ವಲ್ಪ ದೂರವಾದರೆ ಸಾಕು, ಎಲ್ಲೆಲ್ಲಿಗೋ ಹಾರಿಹೋಗುತ್ತಿತ್ತು. ತೆಗೆದು ಹಾಕಿ, ವ್ಯಾಪ್ತಿಯನ್ನು ಅರ್ಧರ್ಧ ಮಾಡುತ್ತಾ ಹೋಗುವ ಮಾಮೂಲಿ ವಿಧಾನ ಇಟ್ಟೆ. ನಿಧಾನ ಅಂತೀರಾ? ಕಣ್ಣು ಮಿಟುಕಿಸುವಷ್ಟರಲ್ಲಿ ಮುಗಿಯುತ್ತದೆ.

ನವೆಂಬರ್ 16. ಎರಡು ಸಲ ಕರಗುವ ಮೇಣ

15 ಡಿಗ್ರಿ ಸರಿಯೇ ಅಂತ ನೋಡಲು, ಸೂತ್ರ ಬಿಟ್ಟು ಅಳತೆ ಮಾಡಿದ ಶಾಖ ಹಾಕೋಣ ಅನ್ನಿಸಿತು. ಟೆಟ್ರಾಕೊಸೇನ್ ಕರಗುವ ಶಾಖ ಮೋಲ್‌ಗೆ 54.9 ಕಿಲೋಜೌಲ್. ಹಾಕಿದೆ. ಉತ್ತರ 9 ಡಿಗ್ರಿಗೆ ಇಳಿಯಿತು.

ಇದು ಸರಿ ಕಾಣಲಿಲ್ಲ. ಕೈಪಿಡಿಯ ಅದೇ ಸಾಲನ್ನು ಮತ್ತೆ ಓದಿದಾಗ ಪಕ್ಕದಲ್ಲಿ ಇನ್ನೊಂದು ಸಂಖ್ಯೆ ಇತ್ತು. ಈ ಮೇಣ 50.6ರಲ್ಲಿ ಕರಗುವ ಮೊದಲು, 48 ಡಿಗ್ರಿಯಲ್ಲಿ ಗಟ್ಟಿಯಾಗಿರುವಾಗಲೇ ಒಳಗಿನ ಜೋಡಣೆ ಬದಲಿಸುತ್ತದೆ. ಅದಕ್ಕೇ 31.3 ಕಿಲೋಜೌಲ್ ಖರ್ಚು. ನಾನು ಲೆಕ್ಕ ಹಾಕುತ್ತಿದ್ದ ಉಷ್ಣತೆ ಅದಕ್ಕಿಂತ ತುಂಬಾ ಕೆಳಗಿನದು. ಅಂದ ಮೇಲೆ ಎರಡೂ ಶಾಖ ಸೇರಿಸಲೇಬೇಕು. ಸೇರಿಸಿದೆ. 22 ಡಿಗ್ರಿ!

ಒಂದೇ ಮಿಶ್ರಣಕ್ಕೆ 9, 15, 22. ತಲೆ ಕೆರೆದುಕೊಂಡು ಕೂತೆ. ವೊನ್ ಸೂತ್ರದ ಶಾಖ 65 ಕಿಲೋಜೌಲ್, ಅಂದರೆ 55 ಮತ್ತು 86ರ ನಡುವೆ. ಶುದ್ಧ ಟೆಟ್ರಾಕೊಸೇನ್‌ಗೆ ಅದು ಕಡಿಮೆಯಾಯಿತು. ಆದರೆ ಹತ್ತಾರು ಬಗೆ ಪ್ಯಾರಫಿನ್ ಬೆರೆತ ಮೇಣದ ಹರಳು ಶುದ್ಧ ಹರಳಿನಷ್ಟು ಅಚ್ಚುಕಟ್ಟಾಗಿ ಜೋಡಿಕೊಂಡಿರುವುದಿಲ್ಲ. ಅಂಗಡಿಯ ಮಿಶ್ರ ಮೇಣದ ಕರಗುವ ಶಾಖ ಗ್ರಾಮಿಗೆ ಸುಮಾರು 200 ಜೌಲ್. ವೊನ್ ಸೂತ್ರದಿಂದ ಬರುವುದು ಗ್ರಾಮಿಗೆ 193. ಹಾಗಾಗಿ ತೀರ್ಮಾನ ಇದು: ಶುದ್ಧ ವಸ್ತುವಿಗೆ ಕೈಪಿಡಿ, ಮಿಶ್ರ ಮೇಣಕ್ಕೆ ವೊನ್.

ನವೆಂಬರ್ 23. ಸಾಮಾನು

ಬರೀ ಕಂಪ್ಯೂಟರಿನಲ್ಲಿ ಕೂತರೆ ನಾನು ಹೇಳಿದ್ದೇ ಸರಿ ಅನ್ನಿಸತೊಡಗುತ್ತದೆ. ಏನಾದರೂ ಅಳೆಯಬೇಕು. ಕಚ್ಚಾ ತೈಲ ಮನೆಗೆ ತರುವಂತಿಲ್ಲ, ತಂದರೂ ಕಪ್ಪು, ಮೋಡ ಕಟ್ಟಿದ್ದು ಕಣ್ಣಿಗೆ ಕಾಣದು. ಬದಲಿಗೆ ತಿಳಿಯಾದ ಎಣ್ಣೆಯಲ್ಲಿ ಮೇಣ.

ಮೊದಲು ಪೇಂಟ್ ಅಂಗಡಿಯ ಟರ್ಪೆಂಟೈನ್ ತರುವುದೆಂದಿದ್ದೆ. ದುಡ್ಡು ಕೊಡುವ ಮುಂಚೆ ಡಬ್ಬಿಯ ಮೇಲಿನ ಬೆಂಕಿ ಚಿಹ್ನೆ ಕಣ್ಣಿಗೆ ಬಿತ್ತು. ಅದರ ಆವಿ 40 ಡಿಗ್ರಿ ಸುತ್ತಲೇ ಹೊತ್ತಿಕೊಳ್ಳಬಲ್ಲದು, ನಾನು ಬಿಸಿ ಮಾಡಬೇಕಿರುವುದು 65ಕ್ಕೆ, ಅದೂ ಗ್ಯಾಸ್ ಒಲೆ ಇರುವ ಮನೆಯಲ್ಲಿ. ಬೇಡವೆಂದು ವಾಪಸ್ ಬಂದೆ. ಮೆಡಿಕಲ್ ಶಾಪಿನ ಲಿಕ್ವಿಡ್ ಪ್ಯಾರಫಿನ್ ಇದಕ್ಕೆ ಎಷ್ಟೋ ವಾಸಿ. ನೀರಿನಂತೆ ತಿಳಿ, ವಾಸನೆಯಿಲ್ಲ, ಅಷ್ಟು ಸುಲಭಕ್ಕೆ ಹೊತ್ತಿಕೊಳ್ಳುವುದಿಲ್ಲ.

ಖರ್ಚು: 58–60 ಡಿಗ್ರಿಗೆ ಕರಗುವ ಪ್ಯಾರಫಿನ್ ಮೇಣ 1 ಕಿಲೋ 180 ರೂಪಾಯಿ, ಲಿಕ್ವಿಡ್ ಪ್ಯಾರಫಿನ್ 260, 0.01 ಗ್ರಾಂ ತೋರಿಸುವ ಪುಟ್ಟ ತಕ್ಕಡಿ 450, ಆರು ಗಾಜಿನ ಟ್ಯೂಬ್ 90, ಸೆನ್ಸರ್ ಓದಲು ಆರ್ಡುಯಿನೊ ನ್ಯಾನೊ ಎಂಬ ಪುಟ್ಟ ಬೋರ್ಡ್ 320, ಡಿಎಸ್18ಬಿ20 ಉಷ್ಣತಾ ಸೆನ್ಸರ್ 120, ಒಂದು ಬಿಳಿ ಎಲ್‌ಇಡಿ ಮತ್ತು ಅದರ ಬೆಳಕು ಟ್ಯೂಬ್ ದಾಟಿ ಎಷ್ಟು ಬರುತ್ತದೆಂದು ಅಳೆಯುವ ಎಲ್‌ಡಿಆರ್ ಸೇರಿ 15. ಒಟ್ಟು 1,435 ರೂಪಾಯಿ. ಚೆಂಬು, ಟವೆಲ್ ಮನೆಯದು.

ಸೆನ್ಸರ್ ಜೋಡಿಸಿದ ಮೇಲೆ ಪರದೆಯಲ್ಲಿ −127 ಬಂತು. 4.7 ಕಿಲೋಓಮ್ ರೆಸಿಸ್ಟರ್ ಹಾಕುವುದು ಮರೆತಿದ್ದೆ. ಅದನ್ನು ಹಾಕಿದ ಮೇಲೆ ಮೊದಲ ಓದು 85, ಆಮೇಲಿನದು 26.4. ಆ 85 ಏನೂ ಅಲ್ಲ, ಸೆನ್ಸರ್ ಎದ್ದ ತಕ್ಷಣ ಹೇಳುವ ಸುಳ್ಳು. ಮೊದಲ ಓದನ್ನು ಎಸೆಯುವ ಒಂದು ಸಾಲು ಸೇರಿಸಿದೆ.

ನವೆಂಬರ್ 30. ಪೂರ್ತಿ ದಿನ ವ್ಯರ್ಥ

ಇದನ್ನು ಸ್ವಲ್ಪ ವಿವರವಾಗಿ ಬರೆಯುತ್ತೇನೆ, ಬೇರೆಯವರ ಒಂದು ಭಾನುವಾರವಾದರೂ ಉಳಿಯಲಿ.

ಮೇಣದ ದೊಡ್ಡ ಗಡ್ಡೆ ಒಡೆಯಲು ಸೋಮಾರಿತನ. ದೇವರ ಮನೆಯ ಪಕ್ಕದಲ್ಲಿದ್ದ ಕರೆಂಟ್ ಹೋದಾಗ ಹಚ್ಚುವ ಮೇಣದಬತ್ತಿಯನ್ನೇ ತುರಿದು ಹಾಕಿದೆ. 10 ಶೇಕಡಾ ಮಿಶ್ರಣ 45 ಡಿಗ್ರಿಯಲ್ಲೇ ಮಂಜಾಯಿತು. ಲೆಕ್ಕಕ್ಕೂ ಅದಕ್ಕೂ ಸಂಬಂಧವೇ ಇಲ್ಲ. ಮೇಣದಬತ್ತಿಗೆ ಸ್ಟಿಯರಿಕ್ ಆಮ್ಲದಂಥವು ಬೆರೆಸುತ್ತಾರೆ ಅನ್ನುವುದು ಆಮೇಲೆ ನೆನಪಾಯಿತು. ಆ ಬತ್ತಿಯಲ್ಲಿ ಏನೇನಿತ್ತೋ, ಟ್ಯೂಬ್ ಚೆಲ್ಲಿದೆ.

ಎರಡನೇ ಸಲ ಸರಿಯಾದ ಮೇಣ. ಆದರೆ ಬೇಗ ಆಗಲಿ ಅಂತ ಟ್ಯೂಬನ್ನು ಫ್ರಿಜ್ಜಿನಲ್ಲಿಟ್ಟೆ. ಗಾಜಿನ ಗೋಡೆಯ ಹತ್ತಿರ ಮೊದಲೇ ಬಿಳಿಯಾಯಿತು, ನಡುವಿನ ಸೆನ್ಸರ್ ಇನ್ನೂ ಬೆಚ್ಚಗೇ ಇತ್ತು. ಯಾವುದನ್ನು ನಂಬುವುದು? ಮೂರು ಸಲ ಮಾಡಿದೆ. 37, 29, 33 ಬಂತು.

ಅಮ್ಮ ಅಡುಗೆಮನೆ ಬಾಗಿಲಲ್ಲಿ ನಿಂತು ಇದನ್ನೆಲ್ಲ ನೋಡುತ್ತಿದ್ದರು. "ತುಪ್ಪಾನ ಯಾರಾದ್ರೂ ಬಿಸಿಬಿಸಿ ಫ್ರಿಜ್ಜಲ್ಲಿ ಇಡ್ತಾರೇನೋ? ಸುಮ್ನೆ ಆರೋಕೆ ಬಿಡು, ಮರಳು ಮರಳಾಗಿ ಬರತ್ತೆ" ಅಂದರು. ಅವರು ಹೇಳಿದ್ದು ತುಪ್ಪಕ್ಕೆ, ಆದರೆ ಮೇಣಕ್ಕೂ ಅದೇ. ಅವಸರದಲ್ಲಿ ತಣಿಸಿದರೆ ಹರಳು ಹುಟ್ಟಬೇಕಾದ ಉಷ್ಣತೆ ದಾಟಿಹೋದರೂ ದ್ರವ ದ್ರವವಾಗಿಯೇ ಇರುತ್ತದೆ.

ಮೂರನೇ ಸಲ ಟವೆಲ್ ಸುತ್ತಿದ ಸ್ಟೀಲ್ ಚೆಂಬಿನಲ್ಲಿ 65 ಡಿಗ್ರಿ ನೀರು, ಅದರಲ್ಲಿ ಟ್ಯೂಬ್. ಸಂಜೆ ಐದು ಗಂಟೆ. ಎಲ್‌ಡಿಆರ್ ಓದು ನಿಧಾನವಾಗಿ ಇಳಿಯಿತು, ನನಗೆ ಖುಷಿಯೋ ಖುಷಿ. ಟ್ಯೂಬ್ ನೋಡಿದರೆ ಇನ್ನೂ ತಿಳಿ. ಇಳಿದದ್ದು ಕಿಟಕಿಯ ಬೆಳಕು.

ಡಿಸೆಂಬರ್ 7. ಕೊನೆಗೂ ಮೂರು ಸಂಖ್ಯೆ

ಖಾಲಿ ಓಟ್ಸ್ ಡಬ್ಬಿಗೆ ಕಪ್ಪು ಕಾಗದ ಅಂಟಿಸಿ ಚೆಂಬಿನ ಮೇಲೆ ಮುಚ್ಚಿದೆ. ತಣಿಯುವ ವೇಗ ನಿಮಿಷಕ್ಕೆ ಸುಮಾರು 0.4 ಡಿಗ್ರಿ. ಸೆನ್ಸರ್ ತುದಿಯನ್ನು ಟ್ಯೂಬಿನ ನಡುವೆ ಇಟ್ಟು, ಪ್ರತಿ ಮಿಶ್ರಣಕ್ಕೆ ಎರಡು ಓದು ತೆಗೆದೆ. ತಣಿಯುವಾಗ ಮಂಜಾಗುವ ಉಷ್ಣತೆ ಒಂದು, ವಾಪಸ್ ಬಿಸಿ ಮಾಡುವಾಗ ಪೂರ್ತಿ ತಿಳಿಯಾಗುವ ಉಷ್ಣತೆ ಇನ್ನೊಂದು.

ತೂಕದ ಲೆಕ್ಕದಲ್ಲಿ 20 ಶೇಕಡಾ ಮೇಣ: ಮಂಜು 41ಕ್ಕೆ, ತಿಳಿ 44ಕ್ಕೆ.
10 ಶೇಕಡಾ: ಮಂಜು 34.5ಕ್ಕೆ, ತಿಳಿ 38ಕ್ಕೆ.
5 ಶೇಕಡಾ: ಮಂಜು 28ಕ್ಕೆ, ತಿಳಿ 31ಕ್ಕೆ. ಇದಕ್ಕೆ ಕೊನೆಯಲ್ಲಿ ಚೆಂಬಿಗೆ ಎರಡು ಐಸ್ ಗಡ್ಡೆ ಹಾಕಬೇಕಾಯಿತು.

ಸೆನ್ಸರಿನದೇ ಅರ್ಧ ಡಿಗ್ರಿ ಆಚೀಚೆ ಇದೆ. ನಿಜವಾದ ಸಮತೋಲದ ಬಿಂದು ಈ ಎರಡು ಓದುಗಳ ನಡುವೆ, ತಿಳಿಯಾಗುವ ಕಡೆಗೇ ಹತ್ತಿರ ಇರಬೇಕು. ಹರಳು ಕರಗಲು ಹುಟ್ಟುವಾಗಿನಷ್ಟು ಹಿಂಜರಿಯುವುದಿಲ್ಲ ಅಲ್ವಾ.

ಇನ್ನು ಲೆಕ್ಕ. ಮೇಣವನ್ನು ಒಂದೇ ವಸ್ತು, 27 ಇಂಗಾಲದ ಪ್ಯಾರಫಿನ್ ಅಂದುಕೊಂಡೆ, ಅದು ಕರಗುವುದು 58 ಡಿಗ್ರಿಗೆ. ಎಣ್ಣೆಯ ಅಣುತೂಕ 350 ಅಂತ ಊಹೆ. ಬಂದದ್ದು 39, 32, 25. ಮೂರೂ ಕಡಿಮೆ. ಎಣ್ಣೆಯ ಅಣುತೂಕ ತಪ್ಪಿರಬಹುದೆಂದು 400 ಹಾಕಿದೆ, ಒಂದು ಡಿಗ್ರಿ ಚಿಲ್ಲರೆ ಏರಿತು ಅಷ್ಟೆ. ತಪ್ಪು ಅಲ್ಲಿಲ್ಲ.

ಆಮೇಲೆ ಮೇಣವನ್ನು 27ರ ಸುತ್ತ ಹರಡಿದ ಗುಂಪಾಗಿ ಬರೆದೆ, ಗಂಟೆಯಾಕಾರದ ಹಂಚಿಕೆ, ಹರವು 3 ಇಂಗಾಲ. ಈಗ 43, 36, 29. ಮೂರೂ ನನ್ನ ಎರಡೆರಡು ಓದುಗಳ ನಡುವೆ ಕೂತವು.

ಕುಣಿದಾಡಬೇಕು ಅನ್ನಿಸಿತು. ಆದರೆ ಆ 3 ಎಲ್ಲಿಂದ ಬಂತು? ನಾನೇ ಹಾಕಿದ್ದು. 2 ಹಾಕಿದರೆ 10 ಶೇಕಡಾ ಮಿಶ್ರಣಕ್ಕೆ 34 ಬರುತ್ತದೆ, ಮಂಜಿನ ಓದಿಗೂ ಕೆಳಗೆ. ಹಾಗಾಗಿ ಮಾದರಿ ಗೆದ್ದಿತು ಅಂತ ಬರೆದುಕೊಳ್ಳಲಿಲ್ಲ. ಸರಾಸರಿ ಅದೇ ಇದ್ದರೂ ಅಂಚಿನಲ್ಲಿರುವ ಭಾರದ ಅಣುಗಳು ಬಿಂದುವನ್ನು ನಾಲ್ಕು ಡಿಗ್ರಿ ಎಳೆದೊಯ್ದವು ಅಂತ ಮಾತ್ರ ಬರೆದುಕೊಂಡೆ.

ಡಿಸೆಂಬರ್ 14. ಕಚ್ಚಾ ತೈಲ, ಮತ್ತು ಅದರ ಬಾಲ

ಈಗ ತೈಲಕ್ಕೆ ಬಂದೆ. ಮಂಗಳಾ ತೈಲದ ವಿಶ್ಲೇಷಣೆ ನನ್ನ ಕೈಯಲ್ಲಿಲ್ಲ, ಇದ್ದರೂ ಇಲ್ಲಿ ಹಾಕುತ್ತಿರಲಿಲ್ಲ. ಹಾಗಾಗಿ ಒಂದು ಕಾಲ್ಪನಿಕ ಮೇಣದ ತೈಲ ಕಟ್ಟಿದೆ. 20 ಇಂಗಾಲದ್ದು ನೂರು ಅಣುವಿಗೆ ಮೂರು, ಮುಂದಿನ ಪ್ರತಿ ಇಂಗಾಲಕ್ಕೂ 18 ಶೇಕಡಾ ಕಡಿಮೆ, 60ರವರೆಗೆ. ಮೇಣದ ಬಿಂದು 52 ಡಿಗ್ರಿ ಬಂತು.

ರಾತ್ರಿ ಊಟದ ಹೊತ್ತಿಗೆ ತಪ್ಪು ಹೊಳೆಯಿತು. ಆ ಮೂರು ಎಂಬುದು 20 ಇಂಗಾಲದ ಎಲ್ಲ ಬಗೆಯ ಅಣುಗಳ ಅಂದಾಜು. ಕೊಂಬೆಯಿರುವವು, ಉಂಗುರದವು ಎಲ್ಲವೂ ಅದರಲ್ಲಿವೆ. ಅವು ಮೇಣವಾಗಿ ಜೋಡಿಕೊಳ್ಳುವುದು ಕಷ್ಟ, ಲೆಕ್ಕಕ್ಕೆ ತೆಗೆದುಕೊಳ್ಳಬೇಕಾದ್ದು ನೇರ ಸರಪಳಿಯವನ್ನು ಮಾತ್ರ. ಮೂರನೇ ಒಂದು ಭಾಗ ಎಂದಿಟ್ಟುಕೊಂಡು ನೂರಕ್ಕೆ ಒಂದು ಮಾಡಿದೆ. 52 ಇದ್ದದ್ದು 46ಕ್ಕೆ ಇಳಿಯಿತು. ಮೇಣವನ್ನು ಮೂರು ಪಟ್ಟು ತಪ್ಪು ಹೇಳಿದರೂ ಆರೇ ಡಿಗ್ರಿ. ಪರವಾಗಿಲ್ಲ ಅನ್ನಿಸಿತು.

ನಿದ್ದೆ ಕೆಟ್ಟದ್ದು ಇದರ ನಂತರ. ಲ್ಯಾಬುಗಳ ಎಷ್ಟೋ ವರದಿಗಳು ಭಾರದ ತುದಿಯನ್ನು ಬಿಡಿಬಿಡಿಯಾಗಿ ಕೊಡುವುದಿಲ್ಲ. ಒಂದು ಇಂಗಾಲದ ಸಂಖ್ಯೆ ದಾಟಿದ ಮೇಲೆ 'ಉಳಿದದ್ದು' ಅಂತ ಒಟ್ಟು ಹಾಕಿಬಿಡುತ್ತವೆ. ಹಾಗಾದರೆ ನನ್ನ ಪಟ್ಟಿಯನ್ನು 60ರ ಬದಲು 50ಕ್ಕೆ ನಿಲ್ಲಿಸಿದರೆ? ಬೇರೆ ಏನೂ ಮುಟ್ಟದೆ ನಿಲ್ಲಿಸಿದೆ. 40 ಡಿಗ್ರಿ. 40 ಇಂಗಾಲಕ್ಕೆ ನಿಲ್ಲಿಸಿದರೆ 32.

46, 40, 32. ಹದಿನಾಲ್ಕು ಡಿಗ್ರಿ ವ್ಯತ್ಯಾಸ. ಇಷ್ಟು ಎಳೆದಾಡಿದ 41ರಿಂದ 60ರವರೆಗಿನ ಬಾಲ ಒಟ್ಟು ಎಷ್ಟಿದೆ ಅಂತ ಕೂಡಿಸಿದೆ. ಸಾವಿರ ಅಣುವಿಗೆ ಒಂದೂ ಇಲ್ಲ! ಮೇಣವನ್ನು ಮೂರು ಪಟ್ಟು ಮಾಡಿದಾಗ ಏರಿದ್ದು ಆರು ಡಿಗ್ರಿ, ಪಟ್ಟಿಗೆ ಕಣ್ಣಿಗೂ ಕಾಣದಷ್ಟು ಬಾಲ ಸೇರಿಸಿದಾಗ ಹದಿನಾಲ್ಕು.

ನನ್ನ ಪ್ರೋಗ್ರಾಂ ತಪ್ಪಿರಬೇಕು ಅಂತ 310 ಕೆಲ್ವಿನ್‌ನ ಒಂದು ಲೆಕ್ಕವನ್ನು ಕಾಗದದ ಮೇಲೆ, ಕ್ಯಾಲ್ಕುಲೇಟರ್ ಹಿಡಿದು ಮಾಡಿದೆ. ತಪ್ಪಿಲ್ಲ. ಪ್ರತಿ ಇಂಗಾಲಕ್ಕೆ ಅಣುಗಳ ಸಂಖ್ಯೆ 18 ಶೇಕಡಾ ಇಳಿದರೆ, ಗಟ್ಟಿಯಾಗುವ ಒಲವು 30 ಶೇಕಡಾಕ್ಕೂ ಜಾಸ್ತಿ ಏರುತ್ತದೆ. ಗುಣಿಸಿದರೆ ಬಾಲದ ಕಡೆ ಹೋದಂತೆ ಬೆಳೆಯುತ್ತಲೇ ಇರುತ್ತದೆ. ಮೊತ್ತ 1 ಆಗುವುದನ್ನು ನಿರ್ಧರಿಸುವುದೇ ಬಾಲ.

ಡಿಸೆಂಬರ್ 21. ಇನ್ನೊಂದು ಮಾದರಿ, ಇನ್ನೊಂದು ಗಂಟು

20 ಇಂಗಾಲದ ಕುಳ್ಳನೂ 60 ಇಂಗಾಲದ ಉದ್ದನೂ ಒಂದೇ ಹರಳಿನಲ್ಲಿ ಹೊಂದಿಕೊಂಡು ಕೂರುತ್ತಾರೆ ಎನ್ನುವುದು ವೊನ್ ರೀತಿಯ ಲೆಕ್ಕದ ಒಳಗಿರುವ ನಂಬಿಕೆ. ಅದು ಅಷ್ಟು ನಿಜವಲ್ಲ, ಅಕ್ಕಪಕ್ಕದ ಉದ್ದದವು ಮಾತ್ರ ಚೆನ್ನಾಗಿ ಬೆರೆಯುತ್ತವೆ. ಇದಕ್ಕೆ ತದ್ವಿರುದ್ಧವಾದದ್ದು 1996ರ ಲಿರಾ-ಗಲಿಯಾನಾ, ಫಿರೂಜಾಬಾದಿ, ಪ್ರೌಸ್‌ನಿಟ್ಜ್ ಅವರ ಮಾದರಿ. ಅದರಲ್ಲಿ ಪ್ರತಿ ಘಟಕವೂ ಬೇರೆ ಬೇರೆ ಶುದ್ಧ ಹರಳಾಗುತ್ತದೆ. ಅವರದೇ ಸೂತ್ರಗಳನ್ನು ಹಾಕದೆ, ಆ ಯೋಚನೆಯನ್ನು ಮಾತ್ರ ನನ್ನ ಪಟ್ಟಿಗೆ ಹಚ್ಚಿದೆ.

60ರವರೆಗಿನ ಪಟ್ಟಿಗೆ 46 ಹೋಗಿ 35.5 ಬಂತು. 50ಕ್ಕೆ ನಿಲ್ಲಿಸಿದರೆ 28, 40ಕ್ಕೆ ನಿಲ್ಲಿಸಿದರೆ 18. ಬಾಲದ ಕಾಟ ಇಲ್ಲಿ ಇನ್ನೂ ಜಾಸ್ತಿ.

ಮೇಲಿಂದ ಇನ್ನೊಂದು ತಮಾಷೆ. 41ರಿಂದ 60ರವರೆಗಿನ ಇಪ್ಪತ್ತು ಘಟಕಗಳನ್ನು ಒಂದೇ ಗುಂಪು ಮಾಡಿ, ಸರಾಸರಿ 45 ಇಂಗಾಲ ಅಂತ ಬರೆದೆ. ಈಗ 37.6. ತೈಲ ಬದಲಾಗಿಲ್ಲ, ನಾನು ಪಟ್ಟಿ ಬರೆದ ರೀತಿ ಮಾತ್ರ ಬದಲಾಗಿದೆ, ಬಿಂದು ಎರಡು ಡಿಗ್ರಿ ಏರಿತು! ಹೀಗೆ ಗುಂಪು ಮಾಡುವಾಗ ಎಷ್ಟು ಗುಂಪು, ಎಲ್ಲಿ ಗೆರೆ ಅನ್ನುವುದನ್ನು ಬರೆದಿಡದಿದ್ದರೆ ನಾಳೆ ನನ್ನ ಉತ್ತರ ನನಗೇ ಮತ್ತೆ ಸಿಗುವುದಿಲ್ಲ. ಈಗ ಫೈಲಿನ ಹೆಸರಿನಲ್ಲೇ ಅದನ್ನು ಸೇರಿಸಿದ್ದೇನೆ.

ನಾನು ಮುಟ್ಟದೇ ಬಿಟ್ಟದ್ದೂ ಇದೆ. ದ್ರವದಲ್ಲಿ ಅಣುಗಳ ಗಾತ್ರದ ವ್ಯತ್ಯಾಸಕ್ಕೆ ತಿದ್ದುಪಡಿ ಹಾಕಿಲ್ಲ. ಒತ್ತಡ ಹಾಕಿಲ್ಲ. ಬಾವಿಯಲ್ಲಿರುವಾಗ ತೈಲದಲ್ಲಿ ಅನಿಲ ಕರಗಿರುತ್ತದೆ, ಅದು ಮೇಣವನ್ನು ಕರಗಿಸಿಟ್ಟುಕೊಳ್ಳಲು ನೆರವಾಗುತ್ತದೆ. ಮೇಲೆ ಬಂದು ಅನಿಲ ಹೋದ ಮೇಲೆ ಬಿಂದು ಏರುತ್ತದೆ. ಇದೆಲ್ಲ ಮಾಡಬೇಕು. ಆದರೆ ಬಾಲ ಗೊತ್ತಿಲ್ಲದೆ ಇವುಗಳನ್ನು ತಿದ್ದುವುದು ಗೋಡೆ ಇಲ್ಲದ ಮನೆಗೆ ಬಣ್ಣ ಬಳಿದ ಹಾಗೆ. ಸದ್ಯಕ್ಕೆ ಅಲ್ಲೇ ನಿಲ್ಲಿಸಿದ್ದೇನೆ.

ಪುತ್ತೂರಿನ ಒಬ್ಬ ಹಳೆಯ ಗೆಳೆಯ ಲ್ಯಾಬೊಂದರಲ್ಲಿದ್ದಾನೆ, ಅಲ್ಲಿ ಹೆಚ್ಚು ಬಿಸಿ ತಡೆಯುವ ಕಾಲಮ್ ಇರುವ ಗ್ಯಾಸ್ ಕ್ರೊಮ್ಯಾಟೊಗ್ರಾಫ್ ಇದೆ, ಮಿಶ್ರಣದ ಅಣುಗಳನ್ನು ಬೇರೆ ಬೇರೆ ಮಾಡಿ ಯಾವುದು ಎಷ್ಟಿದೆ ಅಂತ ತೋರಿಸುವ ಯಂತ್ರ. ಫೋನ್ ಮಾಡಿ ಎಲ್ಲ ಹೇಳಿದೆ. "ಎಂಥ ಮಾರಾಯ, ಏಳು ವಾರ ಕಂಪ್ಯೂಟರ್ ಕುಟ್ಟುವ ಬದಲು ಮೊದಲೇ ಸ್ಯಾಂಪಲ್ ಕಳಿಸಬಹುದಿತ್ತಲ್ಲ" ಅಂದ. ಕೊರಿಯರ್‌ನವರು ಎಣ್ಣೆಯ ಟ್ಯೂಬ್ ಒಯ್ಯುವುದಿಲ್ಲ, ಬರೀ ಮೇಣಕ್ಕೆ ತಕರಾರಿಲ್ಲ. ಅದಕ್ಕೆ ಮೊದಲು 58–60ರ ಮೇಣದ ಐದು ಗ್ರಾಂ ಹೋಗುತ್ತದೆ. ಹರವು 3 ಹೌದೋ ಅಲ್ಲವೋ ಅಷ್ಟಾದರೂ ತಿಳಿಯಲಿ.

ಮೂರು ಟ್ಯೂಬ್ ಇನ್ನೂ ಫ್ರಿಜ್ಜಿನ ಬಾಗಿಲಲ್ಲಿವೆ. ಅಮ್ಮ ಅವಕ್ಕೆ ಕಾಗದ ಅಂಟಿಸಿದ್ದಾರೆ: "ತುಪ್ಪ ಅಲ್ಲ."